ಭಟ್ಟಿಮನೆಯ ಶಹಜಾದಿ

ಎಂಬತ್ತೆರಡನೇ ಇಸವಿಯ ಸುಮಾರಿಗೆ ದಾವಣಗೆರೆಯ ಪೇಟೆಯಲ್ಲಿ ‘ಗೌಸ್ ಪೀರ್ ಮಂಡಕ್ಕಿ’ ಅಂದರೆ ಒಂದು ತೂಕ ಇತ್ತು. ಕಾಳು ಬೆಳ್ಳಗೆ ಉಬ್ಬಿರುತ್ತದೆ, ಉಪ್ಪು ಹದವಾಗಿರುತ್ತದೆ, ಚೀಲ ಪೂರ್ತಿ ತಿಂದರೂ ನಾಲಿಗೆಗೆ ಒಂದು ಹರಳು ಮರಳು ತಾಗುವುದಿಲ್ಲ. ಚೀಲ ಒಯ್ಯಲು ಬಂದವರು ಗೌಸ್ ಪೀರನ ಬೆನ್ನು ತಟ್ಟಿ, "ಏನ್ ಕೈರೀ ನಿಮ್ದು!" ಎನ್ನುತ್ತಿದ್ದರು. ಅವನು ಮೀಸೆಗೆ ಮೆತ್ತಿದ ಹೊಟ್ಟಿನ ಧೂಳು ಒರೆಸಿಕೊಂಡು ನಗುತ್ತಿದ್ದ.

ಆ ಕೈ ಅವನದ್ದಲ್ಲ, ಅವನ ಹೆಂಡತಿ ಖುರ್ಷೀದಾಳದ್ದು. ಅವನು ಅಕ್ಕಿ ತರುತ್ತಿದ್ದ, ಚೀಲದ ಬಾಯಿ ಹೊಲಿಯುತ್ತಿದ್ದ, ಗಿರಾಕಿಗಳ ಜೊತೆ ಮಾತಾಡುತ್ತಿದ್ದ. ಒಲೆಗೆ ಭತ್ತದ ಹೊಟ್ಟು ಹಾಕುವುದು, ದೊಡ್ಡ ಬಾಣಲಿಯಲ್ಲಿ ಮರಳು ಕಾಯಿಸುವುದು, ಉಪ್ಪುನೀರು ಹಾಕಿ ಆರಿಸಿದ ಅಕ್ಕಿಯನ್ನು ಆ ಮರಳಿಗೆ ಸುರಿದು ಅರಳಿಸುವುದು, ಅರಳಿದ್ದನ್ನು ಜರಡಿಗೆ ಹಾಕಿ ಮರಳು ಉದುರಿಸುವುದು, ಇವೆಲ್ಲ ಅವಳ ಪಾಲು. ನಡುನಡುವೆ ರೊಟ್ಟಿ, ಸಾರು, ನೀರು, ಬಟ್ಟೆ. ಇವು ಯಾರ ಪಾಲು ಎಂದು ಯಾರೂ ಕೂತು ಹಂಚಿರಲಿಲ್ಲ, ಹಾಗಾಗಿ ಅವೂ ಅವಳವೇ.

ಮರಳಿನ ಹದ ನೋಡಲು ಅವಳು ನಾಲ್ಕು ಕಾಳು ಅಕ್ಕಿ ಎಸೆದು ಮನಸ್ಸಿನಲ್ಲೇ ಎಣಿಸುತ್ತಿದ್ದಳು. ಮೂರು ಎನ್ನುವ ಮೊದಲೇ ಅರಳಿದರೆ ಬಿಸಿ ಹೆಚ್ಚು, ಐದಾದರೂ ಸುಮ್ಮನಿದ್ದರೆ ಕಡಿಮೆ. ಇದನ್ನು ಕಲಿಸಿದವಳು ಅತ್ತೆ ದಿಲ್ಷಾದ್ ಬೇಗಂ. ಅತ್ತೆಯ ಕಾಲದಲ್ಲಿ ಇದೇ ಮಂಡಕ್ಕಿಗೆ ಮಾವನ ಹೆಸರಿತ್ತು, ‘ಮಕ್ತುಮ್ ಸಾಬ್ ಮಂಡಕ್ಕಿ’ ಅಂತ. ಈಗ ಮುದುಕಿಗೆ ಕಣ್ಣು ಮಂಜು. ಮಂಚದ ಮೇಲೆ ಕೂತು, ಅಕ್ಕಿ ಅರಳುವ ಸದ್ದು ಕೇಳಿಯೇ, "ಉರಿ ಜಾಸ್ತಿ ಆತು ನೋಡು" ಎನ್ನುತ್ತಿದ್ದಳು. ಅವಳ ಮಾತು ಸುಳ್ಳಾದದ್ದು ಕಡಿಮೆ.

ಶಹಜಾದಿ ಬಂದದ್ದು ಬಾತಿ ಕಡೆಯಿಂದ ಬಂದ ಹೊಟ್ಟಿನ ಗಾಡಿಯಲ್ಲಿ. ಚೀಲ ಸುರಿದಾಗ ಒಳಗಿಂದ ಗೇಣುದ್ದದ ಹಲ್ಲಿಯೊಂದು ಹೊರಳಿ ಬಿತ್ತು. ಅದು ಗೋಡೆಯ ಮೇಲೆ ಓಡಾಡುವ ಸಣಕಲು ಹಲ್ಲಿಯಲ್ಲ, ಹುತ್ತದಲ್ಲೋ ಕಲ್ಲುಸಂದಿಯಲ್ಲೋ ಇರುವ ಜಾತಿ. ದಪ್ಪ ಬಾಲ, ಕಂದು ಮೈ, ಬೆನ್ನಿನ ಮೇಲೆ ಅಡ್ಡಪಟ್ಟೆ, ಅವುಗಳ ಅಂಚಿಗೆ ಕಸೂತಿ ಹಾಕಿದಂತೆ ಬಿಳಿ ಚುಕ್ಕೆ.

"ವಿಷದ್ದು! ಸರಿ ಆ ಕಡೆ!" ಎಂದು ಗೌಸ್ ಪೀರ್ ಚಪ್ಪಲಿ ಎತ್ತಿದ. ಖುರ್ಷೀದಾ ಮೊರ ಕವುಚಿ ಹಾಕಿದಳು.

"ವಿಷದ್ದಾಗಿದ್ರೆ ಇಷ್ಟೊತ್ತಿಗೆ ನಿಮ್ಮನ್ನ ಕಚ್ಚಿರ್ತಿತ್ತು. ಚೀಲ ಹೊತ್ಕೊಂಡು ಬಂದೋರು ನೀವು."

ಹಲ್ಲಿ ಒಲೆಯ ಪಕ್ಕದ ಗೋಡೆಯ ಬಿರುಕಿನಲ್ಲಿ ಮನೆ ಮಾಡಿಕೊಂಡಿತು. ಅಕ್ಕಿ ಚೀಲಕ್ಕೆ ಬರುವ ಚಿಟ್ಟೆ, ಜಿರಲೆ ತಿಂದು, ಬೆಚ್ಚನೆಯ ಇಟ್ಟಿಗೆಯ ಮೇಲೆ ಹೊಟ್ಟೆ ಒತ್ತಿ ಮಲಗುತ್ತಿತ್ತು. ಆ ಠೀವಿ ನೋಡಿ ಖುರ್ಷೀದಾ ಅದಕ್ಕೆ ಶಹಜಾದಿ ಎಂದು ಹೆಸರಿಟ್ಟಳು. ಮೂರೇ ತಿಂಗಳಲ್ಲಿ ಅದು ಅವಳ ಅಂಗೈ ಮೇಲೆ ಹತ್ತಿ ಕೂರುವಷ್ಟು ಸಲಿಗೆ ಬೆಳೆಸಿತು. ಇಡೀ ಮನೆಯಲ್ಲಿ ತನ್ನ ಊಟ ತಾನೇ ಹುಡುಕಿಕೊಳ್ಳುತ್ತಿದ್ದ ಜೀವ ಅದೊಂದೇ. ಬಹುಶಃ ಅದಕ್ಕೇ ಅವಳಿಗೆ ಅದರ ಮೇಲೆ ಅಷ್ಟು ಅಕ್ಕರೆ.

ಸರಸ್ವತಿ ನಗರದಿಂದ ಭಾನುವಾರಕ್ಕೊಮ್ಮೆ ಮಂಡಕ್ಕಿಗೆ ಬರುತ್ತಿದ್ದ ನಿರ್ಮಲಮ್ಮ ಹರಿಹರದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು. ನವೆಂಬರಿನ ಒಂದು ಭಾನುವಾರ ಅವರು ಖುರ್ಷೀದಾಳ ಕೈಮೇಲಿದ್ದ ಶಹಜಾದಿಯನ್ನು ನೋಡಿ, ತಂದ ಚೀಲವನ್ನೇ ಮರೆತು ನಿಂತರು.

"ಡಿಸೆಂಬರ್ ಹದಿನೆಂಟಕ್ಕ ನಮ್ಮ ಸ್ಕೂಲಲ್ಲಿ ವಿಜ್ಞಾನ ಪ್ರದರ್ಶನ ಐತೆ. ಇದನ್ನ ತಂದು ನಮ್ಮ ಹುಡುಗೇರಿಗೆ ನಾಕು ಮಾತು ಹೇಳ್ತೀರೇನ್ರಿ?"

"ಅದಕ್ಕೇನ್ರಿ, ನಾನೇ ತರ್ತೀನಿ," ಎಂದ ಗೌಸ್ ಪೀರ್, ಚೀಲ ಹೊಲಿಯುವ ದಬ್ಬಣ ಕೆಳಗಿಟ್ಟು. "ಹೆಂಗಸು, ಅವಳೇನ್ ಹೇಳ್ತಾಳೆ?"

"ಸರಿ ಸಾಬ್ರೆ. ಇದು ಏನು ತಿಂತೈತೆ ಹೇಳ್ರಿ ಮತ್ತೆ?"

"ಏನೋ... ಹುಳ ಗಿಳ."

"ಜಿರಲೆ ಮರಿ ಅಂದ್ರೆ ಜೀವ, ದೊಡ್ಡ ಜಿರಲೆ ಆದ್ರೆ ರೆಕ್ಕೆ ಉಗುಳ್ತೈತೆ," ಎಂದಳು ಖುರ್ಷೀದಾ ಬಾಣಲಿಯ ಕಡೆಯಿಂದ ತಲೆ ಎತ್ತದೆ. "ಕೆಂಪಿರುವೆ ಮುಟ್ಟಲ್ಲ. ನೀರನ್ನ ಬಟ್ಟಲಲ್ಲಿಟ್ರೆ ಕುಡಿಯಲ್ಲ, ಗೋಡೆಗೆ ಹನಿ ಹಾಕಿದ್ರೆ ನೆಕ್ತೈತೆ. ತಿಂದ ಮೂರನೇ ದಿನ ಹಿಕ್ಕೆ ಹಾಕ್ತೈತೆ. ಕರೀದು, ತುದಿ ಬೆಳ್ಳಗೆ."

ನಿರ್ಮಲಮ್ಮ ಗೌಸ್ ಪೀರನ ಕಡೆ ತಿರುಗಲೂ ಇಲ್ಲ. "ನೀವೇ ಬರಬೇಕು ಖುರ್ಷೀದಮ್ಮಾರೆ. ಬೆಳಗಿನ ರೈಲಿಗೆ ನನ್ನ ಜೊತೇಲೇ ಹೋಗೋಣ."

ಖುರ್ಷೀದಾ ಹರಿಹರ ನೋಡದವಳೇನಲ್ಲ. ಮದುವೆಗೆ ಹೋಗಿದ್ದಳು, ಸಾವಿಗೆ ಹೋಗಿದ್ದಳು. ಯಾರದೋ ಹೆಂಡತಿ, ಯಾರದೋ ಸೊಸೆ ಎಂದು ಒಳಮನೆಗೆ ಕರೆದು ಕೂರಿಸುತ್ತಿದ್ದರು, ಅರ್ಧ ಗಂಟೆಯಲ್ಲಿ ಅಲ್ಲೂ ಈರುಳ್ಳಿ ಹೆಚ್ಚಲು ಕುಳಿತಿರುತ್ತಿದ್ದಳು. ಅವಳಿಗೆ ಗೊತ್ತಿರುವುದನ್ನು ಕೇಳುವುದಕ್ಕಾಗಿಯೇ ಯಾರೂ ಎಲ್ಲಿಗೂ ಕರೆದಿರಲಿಲ್ಲ. ನಲವತ್ತೆರಡು ವರ್ಷಕ್ಕೆ ಇದೇ ಮೊದಲು.

ಡಿಸೆಂಬರ್ ಮೊದಲ ವಾರ ಒಲೆ ಒಡೆದು ಕಟ್ಟುವ ಕೆಲಸ ಬಂತು. ಹಳೆಯ ಒಲೆ ಬಾಯಿ ಬಿಟ್ಟಿತ್ತು, ಮೇಸ್ತ್ರಿ ಬಂದು ಗೋಡೆಯನ್ನೂ ಕೆಡವಿದ. ಶಹಜಾದಿಯ ಬಿರುಕೇ ಹೋಯಿತು. ಖುರ್ಷೀದಾ ಚಹಾಪುಡಿಯ ಮರದ ಪೆಟ್ಟಿಗೆ ಹುಡುಕಿದಳು, ಸವೆದ ಜರಡಿಯ ತಂತಿ ಬಿಚ್ಚಿ ಮುಚ್ಚಳ ಮಾಡಿದಳು, ಅದನ್ನು ಹಿಂದಿನ ಕೋಣೆಯಲ್ಲಿಟ್ಟಳು. ಒಳಗೆ ಹಾಸಿದ್ದು ಬಾಣಲಿಯ ಮರಳು. ಮಂಡಕ್ಕಿ ಭಟ್ಟಿಯವರಿಗೆ ಮರಳಿಗಿಂತ ಶುದ್ಧವಾದದ್ದು ಯಾವುದಿದೆ? ದಿನಾ ಬೆಂಕಿಯಲ್ಲಿ ಕಾದದ್ದು, ಊರೆಲ್ಲ ತಿನ್ನುವ ಅನ್ನ ಅರಳುವುದು ಅದರಲ್ಲೇ. ಮಾವ ಮಕ್ತುಮ್ ಸಾಬರು ಅದನ್ನು ಕಾಲಲ್ಲಿ ತುಳಿಯಲು ಬಿಡುತ್ತಿರಲಿಲ್ಲ.

ಈಗ ಶಹಜಾದಿಯ ಊಟದ ಹೊಣೆಯೂ ಅವಳದ್ದಾಯಿತು. ಮೋರಿಯ ಬದಿಯಲ್ಲಿ ಜಿರಲೆ ಮರಿ ಹಿಡಿಯುತ್ತಿದ್ದಳು. ಮೋರಿಯದ್ದಲ್ಲವೇ? ಸೊಪ್ಪು ತೊಳೆದಂತೆ ಎರಡು ನೀರಿನಲ್ಲಿ ತೊಳೆದೇ ಪೆಟ್ಟಿಗೆಗೆ ಹಾಕುತ್ತಿದ್ದಳು. ತೊಳೆಯದೆ ಯಾರ ತಟ್ಟೆಗೂ ಏನನ್ನೂ ಹಾಕಿದವಳಲ್ಲ ಅವಳು. ಶಹಜಾದಿ ನಾಲ್ಕು ದಿನ ಗಬಗಬ ತಿಂದಿತು. ಐದನೆಯ ದಿನ ಒಂದು ತಿಂದು ಮುಖ ತಿರುಗಿಸಿತು. ಆರನೆಯ ದಿನ ಜಿರಲೆ ಮರಿ ಅದರ ಮೂತಿಯ ಮುಂದೆಯೇ ಹರಿದು ಹೋದರೂ ಕಣ್ಣು ಅಲುಗಿಸಲಿಲ್ಲ.

ಪ್ರದರ್ಶನಕ್ಕೆ ಎಂಟೇ ದಿನ ಉಳಿದಿತ್ತು.

ಖುರ್ಷೀದಾ ಅದನ್ನು ಅಂಗೈ ಮೇಲೆ ಎತ್ತಿಕೊಂಡಳು. ಮೈ ತಣ್ಣಗಿತ್ತು. ಹೊಟ್ಟೆ ಊದಿ, ಒಂದು ಕಡೆ ಹುಣಸೆ ಬೀಜದಷ್ಟು ಗಟ್ಟಿ. ಪೆಟ್ಟಿಗೆಯ ಮೂಲೆ ಮೂಲೆ ಹುಡುಕಿದಳು. ಆರು ದಿನದಲ್ಲಿ ಒಂದೇ ಒಂದು ಹಿಕ್ಕೆ ಇರಲಿಲ್ಲ.

ದನದ ಔಷಧ ಕೊಡುವ ಮೈಲಪ್ಪ ಆ ದಿನ ಮಂಡಕ್ಕಿಗೆ ಬಂದಿದ್ದ. ತಲೆ ತುಂಬ ರುಮಾಲು, ಕಂಕುಳಲ್ಲಿ ಎತ್ತಿಗೆ ಔಷಧ ಕುಡಿಸುವ ಬಿದಿರಿನ ಗೊಟ್ಟ. ಪೆಟ್ಟಿಗೆಯೊಳಗೆ ಬಗ್ಗಿ ನೋಡಿದವನು ಹೊಟ್ಟೆ ಹಿಡಿದುಕೊಂಡು ನಕ್ಕ.

"ಮೂವತ್ತು ವರ್ಷಕ್ಕ ಇದೊಂದು ಬಾಕಿ ಇತ್ತು ನೋಡವ್ವ! ಎತ್ತಾಗಿದ್ರೆ ಗೊಟ್ಟ ಎತ್ತತಿದ್ದೆ. ಇದಕ್ಕ ಬಾಯಿ ಅಗಲಿಸಿ ತುರುಕು. ಹೊಟ್ಟಿಗೆ ಬಿದ್ರೆ ತಾನೇ ಚೇತರಿಸಿಕೊಳ್ತೈತೆ."

"ಹೊಟ್ಟೆ ಮೊದ್ಲೇ ತುಂಬೈತೆ ಮೈಲಪ್ಪಣ್ಣ. ಹೊರಗೆ ಹೋಗೋದು ನಿಂತಿರುವಾಗ ಮೇಲಿಂದ ತುರುಕಿದ್ರೆ ಎಲ್ಲಿಗೆ ಹೋಗ್ತೈತೆ?"

ಇಬ್ಬರು ಹೆಣ್ಣುಮಕ್ಕಳನ್ನು ಸಾಕಿ, ಮದುವೆ ಮಾಡಿ ಕಳಿಸಿದವಳು ಅವಳು. ಮಗು ತಿನ್ನದಿದ್ದರೆ ಮೊದಲು ನೋಡಬೇಕಾದ್ದು ಬಾಯನ್ನಲ್ಲ, ಚಡ್ಡಿಯನ್ನು ಎಂದು ಅವಳಿಗೆ ಗೊತ್ತಿತ್ತು.

ಭಾನುವಾರ ನಿರ್ಮಲಮ್ಮ ದಪ್ಪ ಪುಸ್ತಕವನ್ನೇ ತಂದರು. ಅರ್ಧ ಗಂಟೆ ಹಾಳೆ ತಿರುವಿ ಮುಚ್ಚಿಟ್ಟರು. "ಇದರಲ್ಲಿ ಹಲ್ಲಿ ಹೊಟ್ಟೆ ಕೊಯ್ದು ನೋಡೋದು ಹೆಂಗೆ ಅಂತ ಐತೆ ಖುರ್ಷೀದಮ್ಮಾರೆ. ಗುಣ ಮಾಡೋದು ಹೆಂಗೆ ಅಂತ ಬರೆದಿಲ್ಲ. ಒಂದು ಮಾತು ಮಾತ್ರ ಕೆಲಸಕ್ಕ ಬರಬಹುದು, ಇವಕ್ಕ ಮೈಯಲ್ಲಿ ಸ್ವಂತ ಶಾಖ ಇರಲ್ಲಂತೆ. ಹೊರಗಿನ ಬಿಸಿ ಸಿಕ್ಕರೇನೇ ತಿಂದದ್ದು ಕರಗೋದು."

ಅವರು ಹೋದ ಮೇಲೆ ಗೌಸ್ ಪೀರ್ ಬೀಡಿ ಹಚ್ಚಿದ. "ಯಾಕ ಇಷ್ಟು ತಲೆ ಕೆಡಿಸ್ಕೊಂತೀಯ? ಬಾತಿ ಗುಡ್ಡದಾಗೆ ಇಂಥವು ಬೇಕಾದಷ್ಟು ಸಿಗ್ತಾವೆ. ಇನ್ನೊಂದು ಹಿಡಿಸಿ ಕೊಡ್ತೀನಿ. ಹರಿಹರದಾಗೆ ಯಾರಿಗೆ ಗೊತ್ತಾಗ್ತೈತೆ?"

"ನನಗೆ ಗೊತ್ತಾಗ್ತೈತೆ," ಎಂದಳು ಖುರ್ಷೀದಾ. "ಸಾಕಿದ್ದು ಸತ್ರೆ, ಸಾಕಿದ ಮಾತು ಹೇಳಕ್ಕೆ ನಾನು ಯಾವ ಮುಖ ಹೊತ್ಕೊಂಡು ಹೋಗಲಿ?"

ಮರುದಿನ ಹೊಸ ಒಲೆಗೆ ಸಣ್ಣ ಉರಿ ಹಾಕುವ ದಿನ. ಹೊಸ ಒಲೆಗೆ ಒಮ್ಮೆಲೇ ದೊಡ್ಡ ಬೆಂಕಿ ಕೊಟ್ಟರೆ ಸೀಳುತ್ತದೆ, ನಾಲ್ಕೈದು ದಿನ ಹಿಡಿ ಹಿಡಿ ಹೊಟ್ಟು ಹಾಕಿ ಮೆಲ್ಲಗೆ ಕಾಯಿಸಬೇಕು. ಖುರ್ಷೀದಾ ಪಾತ್ರೆ ತೊಳೆದು ಎದ್ದವಳು, ಬಾಣಲಿ ತುಂಬಲೆಂದು ಮರಳಿನ ಗುಡ್ಡೆಗೆ ಕೈ ಹಾಕಿದಳು. ಮಂಚದ ಮೇಲಿಂದ ಅತ್ತೆಯ ದನಿ ಬಂತು:

"ಕೈ ಒರೆಸ್ಕೊಂಡೇನೆ? ಒದ್ದೆ ಕೈ ಹಾಕಬ್ಯಾಡ. ಇಪ್ಪತ್ತೈದು ವರ್ಷದಿಂದ ಹೇಳ್ತಾನೇ ಇದೀನಿ!"

ಖುರ್ಷೀದಾ ಕೈ ಹೊರತೆಗೆದಳು. ಮೊಣಕೈವರೆಗೆ ಮರಳು ಬಳೆ ತೊಟ್ಟಂತೆ ಮೆತ್ತಿತ್ತು. ಕೊಡವಿದರೂ ಉದುರಲಿಲ್ಲ. ಒಣ ಅಕ್ಕಿಗೆ ಹತ್ತದ ಮರಳು ಒದ್ದೆಯಾದದ್ದಕ್ಕೆ ಹೀಗೇ ಹತ್ತುತ್ತದೆ. ಅದಕ್ಕೇ ಅಲ್ಲವೇ ಉಪ್ಪುನೀರು ಹಾಕಿದ ಅಕ್ಕಿಯನ್ನು ಆರಿಸಿಯೇ ಬಾಣಲಿಗೆ ಸುರಿಯುವುದು?

ಅವಳು ಆ ಕೈಯನ್ನೇ ನೋಡುತ್ತ ನಿಂತಳು. ಆಮೇಲೆ ಹಿತ್ತಲಿಗೆ ಹೋಗಿ ಒಂದು ಜಿರಲೆ ಮರಿ ಹಿಡಿದಳು, ಎಂದಿನಂತೆ ಎರಡು ನೀರಿನಲ್ಲಿ ತೊಳೆದಳು, ಮರಳಿನ ಮೇಲೆ ಬಿಟ್ಟಳು. ಅದು ನಾಲ್ಕು ಹೆಜ್ಜೆ ಹರಿಯುವಷ್ಟರಲ್ಲಿ ಎಳ್ಳು ಹಚ್ಚಿದ ಉಂಡೆಯಂತಾಯಿತು.

"ಅಮ್ಮಾ, ನಾನೇ ತಿನ್ನಿಸಿದೀನಿ," ಎಂದಳು. "ತೊಳೆದು ತೊಳೆದು ಮರಳು ತಿನ್ನಿಸಿದೀನಿ."

ದಿಲ್ಷಾದ್ ಬೇಗಂ ಸೊಸೆಯ ದನಿ ಬಂದ ಕಡೆ ಮುಖ ತಿರುಗಿಸಿದಳು. "ಹೋದದ್ದು ಹೊರಗೆ ಬರಬೇಕು. ಬಿಸಿ ಕೊಡು. ಮರಳಿನ ಬಿಸಿಯಲ್ಲ, ಕೂಸಿಗೆ ಕೊಡೋವಂಥ ಬಿಸಿ."

ಖುರ್ಷೀದಾ ಮೊದಲು ಪೆಟ್ಟಿಗೆಯ ಮರಳನ್ನೆಲ್ಲ ಚೆಲ್ಲಿ, ಹಳೆಯ ಪೇಪರು ಹಾಸಿದಳು. ಹೊಸ ಒಲೆಯ ಪಕ್ಕದ ಕಟ್ಟೆಯ ಮೇಲೆ, ಇಟ್ಟಿಗೆ ಬೆಚ್ಚಗಿದ್ದ ಜಾಗದಲ್ಲಿ ಪೆಟ್ಟಿಗೆ ಇಟ್ಟಳು. ಕೈಯ ಹಿಂಬದಿಯನ್ನು ಕಟ್ಟೆಗೆ ಒತ್ತಿ ಇಪ್ಪತ್ತು ಎಣಿಸುತ್ತಿದ್ದಳು. ಅಷ್ಟರವರೆಗೆ ಕೈ ಹಾಯಾಗಿ ತಡೆದರೆ ಸರಿ, ಇಲ್ಲವಾದರೆ ಪೆಟ್ಟಿಗೆಯನ್ನು ಒಂದು ಇಟ್ಟಿಗೆ ಆಚೆಗೆ ಸರಿಸುತ್ತಿದ್ದಳು. ಊಟ ಪೂರ್ತಿ ನಿಲ್ಲಿಸಿದಳು. ಬೆಳಿಗ್ಗೆಯೊಮ್ಮೆ ಸಂಜೆಯೊಮ್ಮೆ ಅಗಲ ತಟ್ಟೆಯಲ್ಲಿ ಬೆಚ್ಚನೆಯ ನೀರು ಹಾಕಿ, ಮೊಣಕೈ ಅದ್ದಿ ನೋಡಿ, ಹೊಟ್ಟೆ ಮುಳುಗುವಷ್ಟೇ ನೀರಿನಲ್ಲಿ ಶಹಜಾದಿಯನ್ನು ಕೂರಿಸುತ್ತಿದ್ದಳು. ಹಿಡಿದ ಕೈ ಬಿಡುತ್ತಿರಲಿಲ್ಲ. ಆಮೇಲೆ ಒಂದೇ ಬೆರಳಿನಲ್ಲಿ, ಕಾಡಿಗೆ ತೀಡುವಷ್ಟು ಹಗುರಾಗಿ, ಎದೆಯ ಕಡೆಯಿಂದ ಬಾಲದ ಕಡೆಗೆ ಹೊಟ್ಟೆ ನೀವುತ್ತಿದ್ದಳು. ಮೂತಿಗೆ ಎರಡು ಹನಿ ನೀರು ಇಟ್ಟರೆ ಅದು ನೆಕ್ಕುತ್ತಿತ್ತು. ನೆಕ್ಕುವವರೆಗೆ ಆಸೆ ಇದೆ ಎಂದುಕೊಳ್ಳುತ್ತಿದ್ದಳು.

ಇಷ್ಟಕ್ಕೆ ಹೊತ್ತಿಗೆ ಕಾಲು ಗಂಟೆ. ಆ ಕಾಲು ಗಂಟೆಯೇ ಮನೆಯಲ್ಲಿ ದೊಡ್ಡ ಸುದ್ದಿಯಾಯಿತು, ಏಕೆಂದರೆ ಖುರ್ಷೀದಾ ಸುಮ್ಮನೆ ಕೂತದ್ದನ್ನು ಗೌಸ್ ಪೀರ್ ಅಲ್ಲಿಯವರೆಗೆ ನೋಡಿರಲಿಲ್ಲ.

"ಚಾ?" ಎಂದ ಬಾಗಿಲಲ್ಲಿ ನಿಂತು.

"ನನಗೂ ಒಂದು ಲೋಟ ಹಾಕ್ರಿ," ಎಂದಳು, ತಟ್ಟೆಯಿಂದ ಕಣ್ಣೆತ್ತದೆ.

ಅವನು ಅಡುಗೆಮನೆಗೆ ಹೋದ. ಆಮೇಲೆ ಒಳಗೆ ಡಬ್ಬಿಗಳ ಮುಚ್ಚಳ ಒಂದೊಂದಾಗಿ ತೆರೆದು ಮುಚ್ಚುವ ಸದ್ದು ಕೇಳಿಸಿತು. ಸಕ್ಕರೆ ಎಲ್ಲಿದೆ ಎಂದು ಅವನಿಗೆ ಗೊತ್ತಿರಲಿಲ್ಲ.

"ಕೆಂಪು ಡಬ್ಬಿ, ಮಗಾ!" ಎಂದಳು ಮುದುಕಿ. "ಅದು ನಿನ್ನ ಮದುವೆಗಿಂತ ಮೊದಲಿಂದ ಅಲ್ಲೇ ಐತೆ."

ಮೂರು ದಿನ ಏನೂ ಆಗಲಿಲ್ಲ. ಗುರುವಾರ ಮಧ್ಯಾಹ್ನ, ಪ್ರದರ್ಶನಕ್ಕೆ ಇನ್ನೆರಡು ದಿನ ಇರುವಾಗ, ಖುರ್ಷೀದಾ ಪೇಪರು ಬದಲಿಸಲು ಹೋದಾಗ ಮೂಲೆಯಲ್ಲಿ ಅದು ಬಿದ್ದಿತ್ತು: ಕಡ್ಡಿಯಂತೆ ಬಿರುಸಾದ, ದಪ್ಪನೆಯ ಹಿಕ್ಕೆ. ಅದನ್ನು ಬಟ್ಟಲಿಗೆ ಹಾಕಿ ನೀರು ಬಿಟ್ಟು ಕದಡಿದಳು. ಕೊಳೆ ತೇಲಿ ಹೋಯಿತು, ತಳದಲ್ಲಿ ಒಂದು ಚಿಟಿಕೆ ಮರಳು ಉಳಿಯಿತು. ಅವರ ಬಾಣಲಿಯದ್ದೇ ಮರಳು, ಕಾದು ಕಾದು ಕಪ್ಪಾದದ್ದು.

"ಅಮ್ಮಾ! ಬಂತು!"

ದಿಲ್ಷಾದ್ ಬೇಗಂ ಬಟ್ಟಲಿಗೆ ಬೆರಳು ಅದ್ದಿ, ಆ ಮರಳನ್ನು ಹೆಬ್ಬೆರಳಿನಿಂದ ತಿಕ್ಕಿ ನೋಡಿದಳು. "ನಮ್ದೇ," ಎಂದಳು ಗಂಭೀರವಾಗಿ. ಆಮೇಲೆ ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಆ ಸಂಜೆಗೆ ಇನ್ನೊಂದು ಹಿಕ್ಕೆ. ಶುಕ್ರವಾರ ಹೊಟ್ಟೆಯ ಗಂಟು ಬೆರಳಿಗೆ ಸಿಗಲಿಲ್ಲ. ಖುರ್ಷೀದಾ ಆತುರಪಡಲಿಲ್ಲ. ಅಕ್ಕಿ ಚೀಲದ ಹೊಲಿಗೆ ಬಿಚ್ಚಿ ಮೆತ್ತನೆಯ ಬಿಳಿ ಹುಳ ಒಂದನ್ನೇ ಆರಿಸಿದಳು. ತೊಳೆಯಲಿಲ್ಲ. ಪೇಪರಿನ ಮೇಲೆ ಬಿಟ್ಟು ನೋಡುತ್ತ ಕೂತಳು. ಶಹಜಾದಿ ತಲೆ ಎತ್ತಿತು. ಬಾಲದ ತುದಿ ಸಣ್ಣಗೆ ನಡುಗಿತು. ಒಂದು ನೆಗೆತ, ಅಷ್ಟೇ. ನುಂಗಿದ ಮೇಲೆ ಹಬ್ಬದೂಟ ಮುಗಿಸಿದವರಂತೆ ನಾಲಿಗೆಯಿಂದ ಎರಡೂ ಕಡೆ ತುಟಿ ಒರೆಸಿಕೊಂಡಿತು.

ಶನಿವಾರ ಬೆಳಿಗ್ಗೆ ಚಳಿ ಇತ್ತು. ಹರಿಹರದವರೆಗೆ ಶಹಜಾದಿಯ ಹೊಟ್ಟೆ ತಣ್ಣಗಾಗಬಾರದು. ಖುರ್ಷೀದಾ ಬಾಣಲಿಯಿಂದ ಎರಡು ಬೊಗಸೆ ಮರಳು ತೆಗೆದು, ಹದಕ್ಕೆ ಆರಿಸಿ, ದಪ್ಪ ಬಟ್ಟೆಯಲ್ಲಿ ಗಂಟು ಕಟ್ಟಿ ಪೆಟ್ಟಿಗೆಯ ಅಡಿಗೆ ಇಟ್ಟಳು. ಪೆಟ್ಟಿಗೆಯ ಒಳಗಲ್ಲ, ಅಡಿಗೆ.

"ಅಡುಗೆ?" ಎಂದ ಗೌಸ್ ಪೀರ್.

"ಹಿಟ್ಟು ಡಬ್ಬಿಯಲ್ಲೈತೆ," ಎಂದು ಹೇಳಿ ಅವಳು ನಿರ್ಮಲಮ್ಮನ ಜೊತೆ ರೈಲು ಹತ್ತಿದಳು.

ಶಾಲೆಯ ದೊಡ್ಡ ಹಾಲ್‌ನಲ್ಲಿ ಹುಡುಗಿಯರು ಮುತ್ತಿಕೊಂಡರು. ಮೊದಲು ಕಿರುಚಿದರು, ಆಮೇಲೆ ಬಗ್ಗಿದರು, ಆಮೇಲೆ ಒಬ್ಬೊಬ್ಬರಾಗಿ ಬೆರಳು ಚಾಚಿದರು. ಖುರ್ಷೀದಾ ಪೆಟ್ಟಿಗೆಯೊಳಗೆ ಕೈ ಚಾಚಿದಳು. ಶಹಜಾದಿ ಅಂಗೈ ಮೇಲೆ ಹತ್ತಿ ಕೂತ ಮೇಲೆ ದನಿ ತಾನಾಗಿ ಬಂತು. ಏನು ತಿನ್ನುತ್ತದೆ, ಹೇಗೆ ಮಲಗುತ್ತದೆ, ಯಾಕೆ ಬಿಸಿ ಬೇಕು, ಎಲ್ಲ ಹೇಳಿದಳು. ಕಾಯಿಲೆ ಬಂದದ್ದನ್ನೂ ಹೇಳಿದಳು.

"ಕಾಯಿಲೆ ಯಾಕ ಬಂತ್ರಿ?" ಎಂದು ಎರಡು ಜಡೆಯ ಹುಡುಗಿ ಕೇಳಿದಳು.

"ನನ್ನಿಂದಾನೇ. ತೊಳೆದು ಹಾಕಿದೆ, ಒದ್ದೆಗೆ ಮರಳು ಹತ್ತಿತು. ಮನುಷ್ಯರಿಗೆ ಮಾಡೋ ಹಂಗೆ ಇದಕ್ಕೂ ಮಾಡಿದೆ ನೋಡ್ರಮ್ಮ. ಗೊತ್ತಾದ ಮೇಲೆ ಸರಿ ಮಾಡಿದೆ." ಚೀಟಿಯಲ್ಲಿ ಕಟ್ಟಿ ತಂದಿದ್ದ ಆ ಚಿಟಿಕೆ ಮರಳನ್ನು ಬಿಚ್ಚಿ ತೋರಿಸಿದಳು. ಅದು ಕೈಯಿಂದ ಕೈಗೆ ಇಡೀ ಹಾಲ್ ಸುತ್ತಿತು.

ಪೆಟ್ಟಿಗೆಯ ಮುಂದೆ ನಿಲ್ಲಿಸಲು ನಿರ್ಮಲಮ್ಮ ಬಿಳಿಯ ರಟ್ಟು ತಂದರು. "ಸಾಕಿದವರು, ಗುಣ ಮಾಡಿದವರು: ಖುರ್ಷೀದಾ. ಮಂಡಕ್ಕಿ ಭಟ್ಟಿ, ದಾವಣಗೆರೆ. ಸರಿನಾ?"

ಖುರ್ಷೀದಾ ರಟ್ಟಿನ ಖಾಲಿ ಜಾಗ ತೋರಿಸಿದಳು. "ಇನ್ನೊಂದು ಸಾಲು ಬರೀರಿ ಅಕ್ಕೋರೆ. ಬಿಸಿಯ ಹದ ಕಲಿಸಿದವರು: ದಿಲ್ಷಾದ್ ಬೇಗಂ."

ಸಂಜೆ ಮನೆಗೆ ಬಂದಾಗ ಭಟ್ಟಿಯಲ್ಲಿ ಸುಟ್ಟ ವಾಸನೆ ಇತ್ತು. ಗೌಸ್ ಪೀರ್ ತಾನೇ ಒಂದು ಬಾಣಲಿ ಹುರಿಯಲು ಹೋಗಿ ಮಂಡಕ್ಕಿಯನ್ನು ಕಾಫಿಬೀಜದ ಬಣ್ಣಕ್ಕೆ ತಂದಿದ್ದ. ಅದನ್ನು ಮೊರದ ಹಿಂದೆ ಬಚ್ಚಿಡುವಷ್ಟು ಸಮಯ ಸಿಕ್ಕಿರಲಿಲ್ಲ. ಖುರ್ಷೀದಾ ಅದನ್ನೊಮ್ಮೆ ನೋಡಿದಳು. ರಟ್ಟನ್ನು ಅವನ ಕೈಗೆ ಕೊಟ್ಟಳು, ಮನೆಯಲ್ಲಿ ಕನ್ನಡ ಓದುವವನು ಅವನೊಬ್ಬನೇ.

ಅವನು ಜೋರಾಗಿ ಓದಿದ. ಎರಡೂ ಹೆಸರು ಓದಿ, ರಟ್ಟನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದ.

"ನಂದಿಲ್ವಲ್ಲ?"

"ನೀನು ಹಲ್ಲಿ ಸಾಕಿದ್ಯೇನೋ?" ಎಂದಳು ತಾಯಿ ಮಂಚದಿಂದ. ಆಮೇಲೆ ದನಿ ತಗ್ಗಿಸಿ ಸೊಸೆಗೆ ಕೈ ಚಾಚಿದಳು. "ನಂದು ಯಾವ ಸಾಲು? ಬೆರಳು ಇಟ್ಟು ತೋರಿಸು."

ಖುರ್ಷೀದಾ ಗಂಡನನ್ನು ಕೇಳಿಕೊಂಡು, ಅತ್ತೆಯ ಬೆರಳು ಹಿಡಿದು ಎರಡನೆಯ ಸಾಲಿನ ಮೇಲೆ ಇಟ್ಟಳು. ಮುದುಕಿ ಆ ಅಕ್ಷರಗಳ ಮೇಲೆ, ಮರಳಿನ ಬಿಸಿ ನೋಡುವವಳಂತೆ, ಬಹಳ ಹೊತ್ತು ಬೆರಳು ಆಡಿಸಿದಳು.

ಒಲೆಯ ಪಕ್ಕದ ಕಟ್ಟೆಯ ಮೇಲೆ ಶಹಜಾದಿ ಹೊಟ್ಟೆ ಒತ್ತಿ ಮಲಗಿತ್ತು. ಖುರ್ಷೀದಾ ಸೆರಗು ಸಿಕ್ಕಿಸಿ ಬಾಣಲಿಯ ಮುಂದೆ ನಿಂತು, ಕರಿಕಾಗಿದ್ದ ಮಂಡಕ್ಕಿಯನ್ನು ಬದಿಗೆ ತಳ್ಳಿ, ನಾಲ್ಕು ಕಾಳು ಅಕ್ಕಿ ಎಸೆದು ಎಣಿಸತೊಡಗಿದಳು.